ಎರಡನ್ನು ಬಿಟ್ಟು ಮೂರನ್ನು ಹಿಡಿದ ಸ್ವರಶ್ರೇಣಿ

ಸ್ಥಾಯಿಯನ್ನು 19, 22, 31 ಎಂದು ಎಷ್ಟೇ ಪಾಲು ಮಾಡಿದರೂ ಸ್ವರಗಳು ಮರುಕಳಿಸುವುದು 2:1ಕ್ಕೇ, ಅಂದರೆ ಕಂಪನಸಂಖ್ಯೆ ಇಮ್ಮಡಿಯಾದಾಗಲೇ. ಬೋಲೆನ್–ಪಿಯರ್ಸ್ ಶ್ರೇಣಿ ಕೈಬಿಟ್ಟದ್ದು ಆ ಎರಡನ್ನೇ. ಇಲ್ಲಿ ಮರುಕಳಿಕೆ 3:1ಕ್ಕೆ, ಅಂದರೆ ಷಡ್ಜದಿಂದ ಮೇಲಿನ ಸ್ಥಾಯಿಯ ಪಂಚಮಕ್ಕೆ. ಟ್ರೈಟೇವ್ ಎನ್ನುವ ಈ 1901.96 ಸೆಂಟ್ (ಪಿಯಾನೋದ ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಅಂತರವನ್ನು 13 ಸಮಪಾಲು ಮಾಡಿದರೆ ಒಂದು ಮೆಟ್ಟಿಲು 146.3 ಸೆಂಟ್.

ಮೂವರು ಬೇರೆಬೇರೆಯಾಗಿ ಇಲ್ಲಿಗೆ ಬಂದರು. ಜರ್ಮನಿಯ ಎಂಜಿನಿಯರ್ ಹೈನ್ಸ್ ಬೋಲೆನ್ 1970ರ ದಶಕದ ಆರಂಭದಲ್ಲೇ ಲೆಕ್ಕ ಹಾಕಿ 1978ರಲ್ಲಿ ಪ್ರಕಟಿಸಿದರು. ನೆದರ್ಲೆಂಡ್ಸ್‌ನ ಕೇಸ್ ವಾನ್ ಪ್ರೋಯೆನ್ ಅವರ ಬರಹವೂ ಅದೇ ವರ್ಷದ್ದು. ಹೆಸರಿನಲ್ಲಿ ಮಾತ್ರ ಅವರಿಗೆ ಜಾಗ ಸಿಗಲಿಲ್ಲ. ಟ್ರಾನ್ಸಿಸ್ಟರ್‌ಗೆ ಹೆಸರಿಟ್ಟ ಜಾನ್ ಪಿಯರ್ಸ್ ಅದನ್ನು ಮತ್ತೆ ಕಂಡುಕೊಂಡದ್ದು 1984ರಲ್ಲಿ. ಕಾಕತಾಳೀಯವೇನಲ್ಲ. 3:5:7 ಸ್ವರಮೇಳವನ್ನು ಆಧಾರವಾಗಿಟ್ಟುಕೊಂಡರೆ ಲೆಕ್ಕವೇ 13ರತ್ತ ಎಳೆಯುತ್ತದೆ: 6ನೇ ಮೆಟ್ಟಿಲು 5:3ಕ್ಕಿಂತ 6.5 ಸೆಂಟ್ ಕೆಳಗೆ, 10ನೆಯದು 7:3ಕ್ಕಿಂತ 3.8 ಸೆಂಟ್ ಕೆಳಗೆ. ಪಿಯಾನೋದ 12 ಸಮಪಾಲಿನಲ್ಲಿ 5:4ರ ದೋಷವೇ 13.7 ಸೆಂಟ್.

ಆದರೂ ಮೊದಲ ಸಲ ನುಡಿಸಿದವರಿಗೆ ಇದು ಅಪಶ್ರುತಿ ಅನ್ನಿಸುವುದುಂಟು. ತಪ್ಪು ಶ್ರೇಣಿಯದಲ್ಲ, ನಾದದ್ದು. 440 ಹರ್ಟ್ಸ್‌ನಿಂದ 8 ಮೆಟ್ಟಿಲು ಏರಿದರೆ 865.1 ಹರ್ಟ್ಸ್. ಎಲ್ಲ ಹಾರ್ಮೋನಿಕ್‌ಗಳೂ (ಮೂಲ ಕಂಪನದ 2, 3, 4 ಪಟ್ಟು ಹೀಗೆ ಬರುವ ಉಪನಾದಗಳು) ಇರುವ ಗರಗಸ ಅಲೆಯ ನಾದವಾದರೆ 440ರ ಎರಡನೇ ಹಾರ್ಮೋನಿಕ್ 880ರಲ್ಲಿರುತ್ತದೆ. ಎರಡೂ ತಿಕ್ಕಾಡಿ ಸೆಕೆಂಡಿಗೆ ಸುಮಾರು 15 ಬಡಿತ, ಕಿವಿಗೆ ಕೆಟ್ಟುಹೋದ ಸ್ಥಾಯಿಯಂತೆ ಒರಟು. ಸಿಂಥಸೈಜರ್‌ನಲ್ಲಿ ಚೌಕ ಅಲೆ ಆರಿಸಿ: ಅದರಲ್ಲಿ ಬೆಸ ಹಾರ್ಮೋನಿಕ್‌ಗಳು ಮಾತ್ರ, ಆ ತಿಕ್ಕಾಟವಿಲ್ಲ.

ಕ್ಲಾರಿನೆಟ್ ಇದಕ್ಕೆ ಹೇಳಿಮಾಡಿಸಿದ ವಾದ್ಯ. ಒಂದು ತುದಿ ಮುಚ್ಚಿದ ಕೊಳವೆಯಂತೆ ವರ್ತಿಸುವ ಅದರ ಕೆಳಸ್ವರಗಳಲ್ಲಿ ಬೆಸ ಹಾರ್ಮೋನಿಕ್‌ಗಳೇ ಪ್ರಬಲ. ರಿಜಿಸ್ಟರ್ ಕೀಲಿ ಒತ್ತಿದರೆ ಸ್ವರ ನೇರ 3:1ಕ್ಕೆ ಜಿಗಿಯುತ್ತದೆ. ಸಾಮಾನ್ಯ ಕ್ಲಾರಿನೆಟ್‌ನಲ್ಲಿ ಆ ನಡುವೆ 19 ಅರ್ಧಸ್ವರಗಳನ್ನು ತುಂಬಬೇಕು, ಇಲ್ಲಿ 13 ಸಾಕು. ಕೆನಡಾದ ಸ್ಟೀಫನ್ ಫಾಕ್ಸ್ ಇಂಥ ಕ್ಲಾರಿನೆಟ್‌ಗಳನ್ನು ಮಾಡಿದ ಮೇಲೆ ಕಾಗದದ ಶ್ರೇಣಿಗೆ ಉಸಿರು ಬಂತು; 2010ರಲ್ಲಿ ಬಾಸ್ಟನ್‌ನಲ್ಲಿ ಇದಕ್ಕಾಗಿಯೇ ವಿಚಾರಗೋಷ್ಠಿ ನಡೆಯಿತು.

ಹದಿಮೂರನ್ನೂ ಒಟ್ಟಿಗೆ ಬಳಸುವುದು ಕಷ್ಟ. 2‑1‑1‑2‑1‑2‑1‑2‑1 ಮೆಟ್ಟಿಲುಗಳ ಒಂಬತ್ತು ಸ್ವರಗಳನ್ನಷ್ಟೇ ಆರಿಸಿಕೊಂಡ ಲ್ಯಾಂಬ್ಡಾ ಎಂಬ ಉಪಶ್ರೇಣಿಯಿಂದ ಶುರುಮಾಡುವುದು ವಾಸಿ. ಸಾಮಾನ್ಯ ಕೀಬೋರ್ಡಿನಲ್ಲಿ ಮರುಕಳಿಕೆ ಪ್ರತಿ ಸಲ ಒಂದು ಕೀಲಿ ಮುಂದೆ ಸರಿಯುತ್ತದೆ, ಹಾಗಾಗಿ ಬೆರಳ ವಿನ್ಯಾಸವೂ ಬದಲಾಗುತ್ತದೆ. ಶ್ರೇಣಿಯ ಸ್ವರಗಳನ್ನು ತಂತ್ರಾಂಶಕ್ಕೆ ತಿಳಿಸುವ ಸ್ಕೇಲಾ ಫೈಲ್ ಬರೆಯುವಾಗ ಕೊನೆಯ ಸಾಲು 3/1 ಇರಲಿ, ಅಭ್ಯಾಸಬಲದಿಂದ 2/1 ಅಲ್ಲ. ಸೆಂಟ್‌ಗಳಿಗೆ ದಶಮಾಂಶ ಬಿಂದು ಕಡ್ಡಾಯ: 9ನೇ ಮೆಟ್ಟಿಲಿಗೆ 1317 ಎಂದಷ್ಟೇ ಬರೆದರೆ ತಂತ್ರಾಂಶ ಅದನ್ನು 1317ರ ಅನುಪಾತವೆಂದು ಓದುತ್ತದೆ, ಸ್ವರ ಕಿವಿಗೆ ನಿಲುಕದಷ್ಟು ಮೇಲೇರುತ್ತದೆ.