ಒಂದೇ ಫೈಲ್‌ನಿಂದ ಪಿಡಿಎಫ್, ಇ-ಪುಸ್ತಕ, ವೆಬ್ ಪುಟ ಎಲ್ಲಾ ಮಾಡಬಹುದಾ?

ಪ್ರಶ್ನೆ: ನನ್ನ ಪ್ರಬಂಧಗಳ ಪುಸ್ತಕ ವರ್ಡ್‌ನಲ್ಲಿದೆ. ಪ್ರೆಸ್‌ನವರು ಪಿಡಿಎಫ್ ಕೇಳುತ್ತಾರೆ. ಮೊಬೈಲಿನಲ್ಲಿ ಓದುವವರಿಗೆ ಇಪಬ್ ಬೇಕು. ವೆಬ್‌ಸೈಟಿಗೆ ಹಾಕುವುದು ಇನ್ನೊಂದು ಥರ. ಒಂದು ಕಾಗುಣಿತದ ತಪ್ಪು ಸಿಕ್ಕರೆ ಮೂರೂ ಕಡೆ ತಿದ್ದಬೇಕು. ಒಂದೇ ಕಡೆ ಬರೆದು ಎಲ್ಲವನ್ನೂ ಪಡೆಯುವ ದಾರಿ ಇದೆಯಾ? ಕನ್ನಡಕ್ಕೂ ಅದು ನಡೆಯುತ್ತಾ?

ಇದೆ, ಕನ್ನಡಕ್ಕೂ ನಡೆಯುತ್ತದೆ. ಆದರೆ ಇಂಗ್ಲಿಷಿನವರಿಗೆ ಇಲ್ಲದ ಕೆಲವು ತೊಡಕುಗಳು ನಮಗಿವೆ. ಹಾಗಾಗಿ ಅವುಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಪುಸ್ತಕವನ್ನು ಸಾದಾ ಪಠ್ಯದ ಫೈಲ್‌ನಲ್ಲಿ ಬರೆಯಬೇಕು, ನೋಟ್‌ಪ್ಯಾಡ್‌ನಲ್ಲೂ ತೆರೆದುಕೊಳ್ಳುವಂಥದ್ದರಲ್ಲಿ. ಯಾವುದು ಶೀರ್ಷಿಕೆ, ಯಾವುದು ಒತ್ತಿ ಹೇಳಿದ ಮಾತು, ಯಾವುದು ಅಡಿಟಿಪ್ಪಣಿ ಎಂದು ಪುಟ್ಟ ಗುರುತು ಹಾಕುತ್ತಾ ಹೋಗಬೇಕು. ಆಮೇಲೆ ಒಂದು ಪ್ರೋಗ್ರಾಮ್ ಆ ಗುರುತುಗಳನ್ನು ಓದಿ ನಿಮಗೆ ಬೇಕಾದ ರೂಪದಲ್ಲಿ ಫೈಲ್ ಮಾಡಿಕೊಡುತ್ತದೆ. ಇಂಥ ಗುರುತಿನ ಪದ್ಧತಿಗಳು ಹಲವಾರು. ಲ್ಯಾಟೆಕ್ ಇದೆ, ಆಸ್ಕಿಡಾಕ್ ಇದೆ. ಕನ್ನಡ ವಿಕಿಪೀಡಿಯದಲ್ಲಿ ಲೇಖನ ತಿದ್ದಿದವರು ಅಲ್ಲಿನದೇ ಒಂದು ಪದ್ಧತಿ ನೋಡಿರುತ್ತೀರಿ. ಹೊಸಬರಿಗೆ ನಾನು ಹೇಳುವುದು ಮಾರ್ಕ್‌ಡೌನ್. ಜಾನ್ ಗ್ರೂಬರ್ ಅದನ್ನು 2004ರಲ್ಲಿ ತಂದರು. ರೂಪ ಬದಲಿಸುವ ಪ್ರೋಗ್ರಾಮ್‌ನ ಹೆಸರು ಪ್ಯಾನ್‌ಡಾಕ್. ಅದು 2006ರಿಂದ ಇದೆ. ಬರೆದವರು ಜಾನ್ ಮೆಕ್‌ಫಾರ್ಲೇನ್, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರೊಫೆಸರ್. ಸಾಫ್ಟ್‌ವೇರ್ ಅವರ ವೃತ್ತಿಯೇ ಅಲ್ಲ! ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಬರೆಯುವುದು ಹೀಗಿರುತ್ತದೆ:

# ಮಳೆಗಾಲದ ಅಡುಗೆ

ಪತ್ರೊಡೆಗೆ **ಎಲ್ಲಾ** ಕೆಸುವೂ ಆಗುವುದಿಲ್ಲ, ತುರಿಸುವ ಎಲೆಯೂ ಇರುತ್ತದೆ.[^1]

[^1]: ಹುಳಿ ಹಾಕುವುದು ಅದಕ್ಕೇ.

ಹ್ಯಾಶ್ ಹಾಕಿದ್ದು ಶೀರ್ಷಿಕೆ. ಎರಡೆರಡು ನಕ್ಷತ್ರದ ನಡುವಿನದು ದಪ್ಪಕ್ಷರ. ಚೌಕ ಕಂಸದಲ್ಲಿರುವುದು ಅಡಿಟಿಪ್ಪಣಿ. ಇದರಲ್ಲಿ ಅಕ್ಷರ ಎಷ್ಟು ದೊಡ್ಡದು, ಯಾವ ಫಾಂಟ್ ಅನ್ನುವ ಸುದ್ದಿಯೇ ಇಲ್ಲ ನೋಡಿ. ಇದು ಟಿಪ್ಪಣಿ ಅಂತ ಮಾತ್ರ ನೀವು ಹೇಳಿದ್ದೀರಿ, ಅದು ಎಲ್ಲಿ ಕೂರಬೇಕು ಅಂತ ಹೇಳಿಲ್ಲ. ಅದಕ್ಕೇ ಪಿಡಿಎಫ್‌ನಲ್ಲಿ ಅದು ಅದೇ ಪುಟದ ಅಡಿಗೆ ಹೋಗುತ್ತದೆ. ವೆಬ್ ಪುಟದಲ್ಲಿ ಕೊನೆಗೆ ಹೋಗಿ, ಮುಟ್ಟಿದರೆ ಅಲ್ಲಿಗೆ ಜಿಗಿಯುವ ಕೊಂಡಿಯಾಗುತ್ತದೆ. ವರ್ಡ್ ಫೈಲ್ ಮಾಡಿದರೆ ವರ್ಡ್‌ನದೇ ಅಡಿಟಿಪ್ಪಣಿಯಾಗುತ್ತದೆ. ಪುಟದ ಅಡಿಯಲ್ಲಿ ನೀವೇ ಗೆರೆ ಎಳೆದು, ಚಿಕ್ಕ ಅಕ್ಷರದಲ್ಲಿ ಟಿಪ್ಪಣಿ ಟೈಪ್ ಮಾಡಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ, ಮೊಬೈಲಿನಲ್ಲಿ ಅದು ಎಲ್ಲೋ ನಡುವೆ ಬಂದು ಕೂರುತ್ತಿತ್ತು.

ಬದಲಿಸುವುದು ಒಂದು ಸಾಲಿನ ಕೆಲಸ. ಕಮಾಂಡ್ ಕಿಟಕಿಯಲ್ಲಿ ಪ್ಯಾನ್‌ಡಾಕ್ (pandoc) ಎಂದು ಇಂಗ್ಲಿಷಿನಲ್ಲಿ ಬರೆದು, ನಿಮ್ಮ ಫೈಲ್ ಹೆಸರು ಕೊಟ್ಟು, ಮೈನಸ್ ಓ (-o) ಹಾಕಿ, ಮುಂದೆ ಹೊಸ ಫೈಲಿನ ಹೆಸರು ಬರೆಯಬೇಕು. ಹೆಸರಿನ ಬಾಲದಲ್ಲಿ ಇಪಬ್ (.epub) ಅಂತಿದ್ದರೆ ಇ-ಪುಸ್ತಕ ಬರುತ್ತದೆ, ಡಾಕ್ಸ್ (.docx) ಅಂತಿದ್ದರೆ ವರ್ಡ್ ಫೈಲ್. ಕಪ್ಪು ಕಿಟಕಿ ಕಂಡರೆ ಹಲವರಿಗೆ ಹೆದರಿಕೆ. ಸುಮ್ನೆ ಹೆದರಬೇಡಿ, ಅಲ್ಲಿ ತಪ್ಪು ಟೈಪ್ ಮಾಡಿದರೆ ಹೆಚ್ಚಾಗಿ ಒಂದು ಬೈಗುಳದ ಸಾಲು ಬರುತ್ತದೆ, ಅಷ್ಟೇ.

ಈಗ ನಮ್ಮ ತೊಡಕುಗಳು. ಮೊದಲನೆಯದು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ. ಪರದೆಯಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಫೈಲಿನೊಳಗೆ ಇರುವುದು ಬೇರೆಯೇ ಸಂಕೇತಗಳು. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಮೊದಲು ಯುನಿಕೋಡ್‌ಗೆ ಬದಲಿಸಲೇಬೇಕು. ಅದಕ್ಕೆ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಮೊದಲು ಬರುತ್ತದೆ. ಪರಿವರ್ತಕ ಎಡವಿದರೆ ಹೆಚ್ಚಾಗಿ ಅಲ್ಲೇ.

ಎರಡನೆಯದು ಪಿಡಿಎಫ್. ಇಪಬ್, ವೆಬ್ ಪುಟ ಎರಡೂ ಸಲೀಸಾಗಿ ಆಗಿಬಿಡುತ್ತವೆ, ಜನ ಕೈಚೆಲ್ಲುವುದು ಇಲ್ಲಿ. ಪ್ಯಾನ್‌ಡಾಕ್ ತಾನೇ ಪಿಡಿಎಫ್ ಮಾಡುವುದಿಲ್ಲ, ಸಾಮಾನ್ಯವಾಗಿ ಲ್ಯಾಟೆಕ್‌ಗೆ ಕೆಲಸ ಕೊಡುತ್ತದೆ. ನೀವು ಏನೂ ಹೇಳದಿದ್ದರೆ ಅದು ಆರಿಸಿಕೊಳ್ಳುವ ಎಂಜಿನ್, ಅಂದರೆ ಪಿಡಿಎಫ್ ತಯಾರಿಸುವ ಪ್ರೋಗ್ರಾಮ್, ಪಿಡಿಎಫ್‌ಲ್ಯಾಟೆಕ್. ಅದಕ್ಕೆ ಕನ್ನಡ ಬರುವುದಿಲ್ಲ, ತಪ್ಪು ತೋರಿಸಿ ನಿಂತುಬಿಡುತ್ತದೆ. ಎಂಜಿನ್ ಜಾಗದಲ್ಲಿ ಝೀಲ್ಯಾಟೆಕ್ (xelatex) ಎಂದು ಕೊಡಿ. ಜೊತೆಗೆ ಫಾಂಟ್ ಹೆಸರನ್ನೂ ಕೊಡಿ, ನೋಟೊ ಸೆರಿಫ್ ಕನ್ನಡ ಆಗಬಹುದು. ಎಂಜಿನ್ ಬದಲಿಸಿ ಫಾಂಟ್ ಮರೆತರೆ ಪಿಡಿಎಫ್ ಬರುತ್ತದೆ, ಅಕ್ಷರಗಳು ಬರುವುದಿಲ್ಲ! ಅಷ್ಟಾದರೂ ಒತ್ತಕ್ಷರ ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಂತಿದ್ದರೆ, ಫಾಂಟಿನ ಆಯ್ಕೆಗಳಲ್ಲಿ ಲಿಪಿ ಕನ್ನಡ ಎಂದು ತಿಳಿಸಬೇಕು. ಭಾಷೆಯೂ ಕನ್ನಡ ಎಂದು ಫೈಲಿನ ತಲೆಯಲ್ಲಿ ಬರೆದಿಡಿ. ನಮ್ಮ ಪದಗಳು ಉದ್ದ, ಸಾಲಿನ ಕೊನೆಯಲ್ಲಿ ಹಿಡಿಸದೆ ಹೊರಗೆ ಚಾಚುತ್ತವೆ. ಭಾಷೆ ಗೊತ್ತಾದರೆ ಪದವನ್ನು ಎಲ್ಲಿ ಮುರಿಯಬೇಕು ಎಂದು ಲ್ಯಾಟೆಕ್‌ಗೆ ತಿಳಿಯುತ್ತದೆ. ಇಷ್ಟು ರಗಳೆ ಬೇಡ ಅನ್ನುವವರು ಮೊದಲು ವೆಬ್ ಪುಟ ಮಾಡಿ, ಬ್ರೌಸರ್‌ನಲ್ಲಿ ತೆರೆದು, ಪ್ರಿಂಟ್ ಕೊಟ್ಟು ಪಿಡಿಎಫ್ ಆಗಿ ಉಳಿಸಿಕೊಳ್ಳಬಹುದು. ಸ್ನೇಹಿತರಿಗೆ ಕಳಿಸಲು ಅದು ಸಾಕು. ಪ್ರೆಸ್‌ಗೆ ಕೊಡುವುದಾದರೆ ನಾನು ಲ್ಯಾಟೆಕ್ ದಾರಿಯನ್ನೇ ಹಿಡಿಯುತ್ತೇನೆ.

ಇನ್ನು ಪದ್ಯ. ಪ್ರಬಂಧದ ನಡುವೆ ವಚನ, ಜನಪದ ಹಾಡು ಬಂದೇ ಬರುತ್ತದೆ, ಅಲ್ವಾ? ಮಾರ್ಕ್‌ಡೌನ್ ಒಂದರ ಕೆಳಗೊಂದು ಬರೆದ ಸಾಲುಗಳನ್ನು ಒಂದೇ ಪ್ಯಾರಾ ಅಂದುಕೊಂಡು ಸೇರಿಸಿಬಿಡುತ್ತದೆ. ಪ್ಯಾನ್‌ಡಾಕ್‌ನಲ್ಲಿ ಪ್ರತಿ ಸಾಲಿನ ಮೊದಲು ಒಂದು ನಿಂತ ಗೆರೆ | ಹಾಕಿ ಜಾಗ ಬಿಟ್ಟರೆ ಸಾಲುಗಳು ಹಾಗೇ ಉಳಿಯುತ್ತವೆ. ಇಸವಿಯಿಂದ ಪ್ಯಾರಾ ಶುರು ಮಾಡುವ ಅಭ್ಯಾಸ ಇದ್ದರೆ ಅಲ್ಲೂ ಎಚ್ಚರ. ‘1956. ನವೆಂಬರ್ 1ರ ಬೆಳಿಗ್ಗೆ’ ಎಂದು ಬರೆದರೆ ಇದು ಪಟ್ಟಿಯ 1956ನೇ ಸಾಲು ಅಂದುಕೊಂಡು ಒಳಕ್ಕೆ ತಳ್ಳುತ್ತದೆ. ಇಸವಿಗೂ ಚುಕ್ಕಿಗೂ ನಡುವೆ \ ಹಾಕಿದರೆ ಸರಿಹೋಗುತ್ತದೆ.

ನಿಮ್ಮ ಹತ್ತಿರ ಈಗಿರುವ ವರ್ಡ್ ಫೈಲನ್ನು ಮತ್ತೆ ಟೈಪ್ ಮಾಡಬೇಕಿಲ್ಲ. ಪಠ್ಯ ಯುನಿಕೋಡ್‌ನಲ್ಲಿದ್ದರೆ ಪ್ಯಾನ್‌ಡಾಕ್ ಅದನ್ನೇ ಮಾರ್ಕ್‌ಡೌನ್ ಮಾಡಿಕೊಡುತ್ತದೆ. ಅಧ್ಯಾಯದ ಹೆಸರುಗಳಿಗೆ ವರ್ಡ್‌ನ ಹೆಡಿಂಗ್ ಸ್ಟೈಲ್ ಬಳಸಿದ್ದರೆ ಅವು ಶೀರ್ಷಿಕೆಯಾಗಿಯೇ ಬರುತ್ತವೆ. ಬರೀ ಅಕ್ಷರ ದೊಡ್ಡದು ಮಾಡಿ ಬಿಟ್ಟಿದ್ದರೆ ಹ್ಯಾಶ್ ನೀವೇ ಹಾಕಬೇಕು.

ಕಷ್ಟದ ಭಾಗ ಸಾಫ್ಟ್‌ವೇರ್ ಅಲ್ಲ, ಜನ. ಕರಡು ತಿದ್ದುವವರು ವರ್ಡ್ ಫೈಲನ್ನೇ ಕೇಳುತ್ತಾರೆ, ಅದರಲ್ಲೇ ತಿದ್ದಿ ಕಳಿಸುತ್ತಾರೆ. ಕೊಡಿ, ಪರವಾಗಿಲ್ಲ. ಅವರ ತಿದ್ದುಪಡಿಗಳನ್ನು ಮಾತ್ರ ನೀವು ಕೂತು ಮೂಲ ಫೈಲಿಗೆ ಸೇರಿಸಬೇಕು, ಆಮೇಲೆ ಎಲ್ಲವನ್ನೂ ಹೊಸದಾಗಿ ಮಾಡಬೇಕು. ‘ಒಂದು ಕೊಂಬು ತಾನೇ’ ಎಂದು ಪಿಡಿಎಫ್‌ಗೋ ಇಪಬ್‌ಗೋ ನೇರ ಕೈ ಹಾಕಿದ ದಿನ ಮತ್ತೆ ಮೂರು ಬೇರೆ ಬೇರೆ ಪುಸ್ತಕಗಳಾಗುತ್ತವೆ.

ಎಲ್ಲಾ ಪುಸ್ತಕಕ್ಕೂ ಇದು ಹೊಂದುವುದಿಲ್ಲ. ಮಕ್ಕಳ ಚಿತ್ರಪುಸ್ತಕ, ಮದುವೆಯ ಕರೆಯೋಲೆ, ಚಿತ್ರದ ಸುತ್ತ ಪಠ್ಯ ಹರಿಯುವ ಪತ್ರಿಕೆಯ ಪುಟ ಇವಕ್ಕೆಲ್ಲ ಡಿಟಿಪಿಯವರ ಹತ್ತಿರ ಹೋಗುವುದೇ ಸರಿ. ನಿಮ್ಮದು ಪ್ರಬಂಧಗಳ ಪುಸ್ತಕ, ಹಾಗಾಗಿ ಧಾರಾಳವಾಗಿ ಆಗುತ್ತದೆ. ಇಡೀ ಪುಸ್ತಕಕ್ಕೆ ಕೈ ಹಾಕುವ ಮೊದಲು ಅಡಿಟಿಪ್ಪಣಿ, ಪದ್ಯ ಎರಡೂ ಇರುವ ಒಂದು ಪ್ರಬಂಧ ಆರಿಸಿ ಪಿಡಿಎಫ್ ಮಾಡಿ ನೋಡಿ. ಅದು ಸರಿ ಬಂದರೆ ಉಳಿದವೂ ಬರುತ್ತವೆ.