ಡಿಜಿಟಲ್ ಸಂರಕ್ಷಣೆಯ ಸಮ್ಮೇಳನ: ಮುಗಿದ ಮೇಲೆ ಉಳಿಯುವುದರಿಂದ ಶುರು ಮಾಡೋಣ

ಸಮ್ಮೇಳನ ಏರ್ಪಡಿಸುವುದು ಅಂದ ಕೂಡಲೇ ತಲೆಗೆ ಬರುವುದು ಹಾಲ್, ಊಟ, ಬ್ಯಾನರ್, ಮುಖ್ಯ ಅತಿಥಿ. ಇವೆಲ್ಲ ಬೇಕು, ನಿಜ. ಆದರೆ ವಿಷಯವೇ ಡಿಜಿಟಲ್ ಸಂರಕ್ಷಣೆ, ಅಂದರೆ ಕಂಪ್ಯೂಟರ್ ಫೈಲ್‌ಗಳು ವರ್ಷಗಳಾದ ಮೇಲೂ ತೆರೆದು ಓದಲು ಬರುವಂತೆ ಉಳಿಸುವ ಕೆಲಸ ಆದಾಗ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಎಲ್ಲರೂ ಊರಿಗೆ ಹೋದ ಮೇಲೆ ಇಲ್ಲಿ ಮಂಡಿಸಿದ ಪ್ರಬಂಧಗಳು ಎಲ್ಲಿರುತ್ತವೆ? ಹತ್ತು ವರ್ಷ ಬಿಟ್ಟು ತೆರೆದರೆ ಓದಲು ಬರುತ್ತವೆಯೇ?

ಇದು ನನ್ನ ಮನಸ್ಸಿಗೆ ನಾಟಿದ್ದು ಒಂದು ಹಳೆಯ ಸಿ.ಡಿ.ಯಿಂದ. ಯಾವುದೋ ವಿಚಾರ ಸಂಕಿರಣದ ಪ್ರಬಂಧಗಳು ಅದರಲ್ಲಿದ್ದವು. ಇಂಗ್ಲಿಷ್ ಪ್ರಬಂಧಗಳು ಸಲೀಸಾಗಿ ತೆರೆದುಕೊಂಡವು. ಕನ್ನಡದ ಫೈಲ್ ತೆರೆದರೆ ಪರದೆ ತುಂಬ ರೋಮನ್ ಅಕ್ಷರ, ತಲೆ ಮೇಲೆ ಚುಕ್ಕಿ, ಗೆರೆ ಹೊತ್ತ ಚಿಹ್ನೆಗಳು. ಒಂದು ಪದವೂ ಕನ್ನಡವಲ್ಲ. ಕಾರಣ ಸರಳ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ ಯೂನಿಕೋಡ್. ಅವನ್ನು ಅದಕ್ಕೆ ಮುಂಚಿನ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಆ ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಫಾಂಟ್ ಹುಡುಕಿ ಹಾಕಿಕೊಂಡ ಮೇಲೆ ಹೆಚ್ಚಿನವು ಓದಲು ಬಂದವು. ಒಂದು ಪ್ರಬಂಧ ಮಾತ್ರ ಸಿ.ಡಿ. ಗೀಚಿಹೋಗಿದ್ದರಿಂದ ಸಿಗಲೇ ಇಲ್ಲ. ಅದನ್ನು ಬರೆದವರು ಎಷ್ಟು ತಿಂಗಳು ಕೂತು ಬರೆದಿದ್ದರೋ ಅಂತ ಈಗಲೂ ಸಂಕಟವಾಗುತ್ತದೆ.

ಐಪ್ರೆಸ್‌ನಿಂದ ಕಲಿಯುವುದು

ಈ ಕ್ಷೇತ್ರದ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ ಐಪ್ರೆಸ್. 2004ರಲ್ಲಿ ಬೀಜಿಂಗ್‌ನಲ್ಲಿ ಶುರುವಾಯಿತು. ಆಮೇಲೆ ವಿಯೆನ್ನಾ, ಸಿಂಗಪುರ, ಮೆಲ್ಬರ್ನ್, ಕ್ಯೋಟೊ, ಆಮ್‌ಸ್ಟರ್‌ಡ್ಯಾಮ್ ಹೀಗೆ ಊರೂರು ಸುತ್ತಿದೆ. ಊರು ಬದಲಾದಾಗ ನಡೆಸುವವರೂ ಬದಲಾಗುತ್ತಾರೆ. ಆದ್ದರಿಂದ ಹೋದ ವರ್ಷದ ಅನುಭವ ಮುಂದಿನವರಿಗೆ ದಾಟಿಸುವ ಒಂದು ಸ್ಥಿರ ಸಮಿತಿ ಬೇಕೇ ಬೇಕು. ನಮ್ಮ ವಿಭಾಗದ ಸಣ್ಣ ಕಾರ್ಯಕ್ರಮಕ್ಕೂ ಇದು ಅನ್ವಯಿಸುತ್ತದೆ. ಹೋದ ಸಲದ ಲೆಕ್ಕ, ಪತ್ರಗಳು, ಪರಿಶೀಲಕರ ಪಟ್ಟಿ ಒಬ್ಬರ ಸ್ವಂತ ಇಮೇಲ್‌ನಲ್ಲಿ ಸಿಕ್ಕಿಕೊಂಡಿದ್ದರೆ ಅವರು ಬೇರೆ ಕಡೆ ಹೋದ ದಿನ ಎಲ್ಲ ಹೋದಂತೆ.

2020ರಲ್ಲಿ ಮತ್ತೆ ಬೀಜಿಂಗ್‌ನಲ್ಲಿ ನಡೆಯಬೇಕಿತ್ತು. ಕೋವಿಡ್‌ನಿಂದ 2021ಕ್ಕೆ ಮುಂದೆ ಹೋಯಿತು. ಆದರೂ ಆ ಸಮುದಾಯ ಸುಮ್ನೆ ಕೂರಲಿಲ್ಲ, 2020ರ ಸೆಪ್ಟೆಂಬರ್‌ನಲ್ಲಿ ಆನ್‌ಲೈನ್‌ನಲ್ಲೇ ಸೇರಿತು. 2022ರ ಗ್ಲಾಸ್ಗೋ ಸಮ್ಮೇಳನಕ್ಕೆ ನೇರವಾಗಿಯೂ ಆನ್‌ಲೈನ್‌ನಲ್ಲಿಯೂ ಬರಬಹುದಿತ್ತು. ಅದನ್ನು ನಡೆಸಿದ್ದು ಈ ಕ್ಷೇತ್ರದ ಸಂಸ್ಥೆಗಳ ಒಕ್ಕೂಟವಾದ ಡಿಜಿಟಲ್ ಪ್ರಿಸರ್ವೇಶನ್ ಕೋಅಲಿಶನ್. 2002ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಆಗ ಇಪ್ಪತ್ತು ವರ್ಷ. ವೀಸಾ, ವಿಮಾನದ ಖರ್ಚು ಎರಡೂ ಭಾರವಾಗುವ ನಮ್ಮಂಥವರಿಗೆ ಆನ್‌ಲೈನ್ ಬಾಗಿಲು ದೊಡ್ಡ ವಿಷಯ. ಅದನ್ನು ಕೊನೆಗಳಿಗೆಯಲ್ಲಿ ಅಂಟಿಸದೆ ಬಜೆಟ್‌ನ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಪ್ರಬಂಧಕ್ಕೆ ಕರೆ ಕೊಡುವಾಗ ಒಂದು ಮಾತು. ಉದ್ದದ ಸಂಶೋಧನಾ ಪ್ರಬಂಧ ಮಾತ್ರ ಕೇಳಿದರೆ ಪ್ರಾಧ್ಯಾಪಕರು ಬರುತ್ತಾರೆ. ದಿನಾ ಹಳೆಯ ಫ್ಲಾಪಿಯಿಂದ ಫೈಲ್ ತೆಗೆಯುವವರು, ತಾಳೆಗರಿ ಸ್ಕ್ಯಾನ್ ಮಾಡುವವರು ಬರುವುದಿಲ್ಲ. ಅವರಿಗೆ ಬರೆಯಲು ಬಿಡುವಿಲ್ಲ, ಆದರೆ ಹೇಳಲು ಜಾಸ್ತಿ ಇದೆ. ಐಪ್ರೆಸ್‌ನಲ್ಲಿ ಪೋಸ್ಟರ್, ಐದಾರು ನಿಮಿಷದ ಚುಟುಕು ಮಾತು, ಕಾರ್ಯಾಗಾರ ಎಲ್ಲಕ್ಕೂ ಜಾಗ ಇರುವುದು ಇದಕ್ಕೇ. ಪ್ರಾಯೋಜಕರು, ನೋಂದಣಿ ಶುಲ್ಕ, ವಸತಿ ಇವು ಬೇರೆ ಸಮ್ಮೇಳನಗಳಲ್ಲಿ ಇರುವಂತೆಯೇ. ಇಲ್ಲಿ ಹೊಸದೇನೂ ಇಲ್ಲ.

ಫೈಲ್‌ಗಳ ಕೆಲಸ

ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ಮಾತ್ರವಲ್ಲ, ಕೆಲಸಕ್ಕೂ ಬೇಕಾದ ಭಾಗ ಇದು. ಪ್ರಬಂಧ ಪಡೆಯುವಾಗಲೇ ಮೂರು ಸಂಗತಿ ಇತ್ಯರ್ಥ ಆಗಬೇಕು: ಯಾವ ರೂಪದಲ್ಲಿ ಕೊಡಬೇಕು, ಯಾರು ಯಾವ ಪರವಾನಗಿಯಲ್ಲಿ ಹಂಚಬಹುದು, ಭಾಷಣದ ವಿಡಿಯೊ ಇಟ್ಟುಕೊಳ್ಳಲು ಒಪ್ಪಿಗೆ ಇದೆಯೇ. ಆರು ತಿಂಗಳು ಬಿಟ್ಟು ನೂರು ಜನರಿಗೆ ಮೇಲ್ ಹಾಕಿ ಸಹಿ ಕೇಳುವುದು ಆಗದ ಮಾತು.

ರೂಪಕ್ಕೆ ಸಾಮಾನ್ಯವಾಗಿ ಕೇಳುವುದು ಪಿಡಿಎಫ್/ಎ. ದೀರ್ಘಕಾಲ ಇಡುವುದಕ್ಕೆಂದೇ 2005ರಲ್ಲಿ ಬಂದ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಮಾನದಂಡ ಅದು. ಫಾಂಟ್ ಫೈಲ್‌ನೊಳಗೇ ಇರಬೇಕು ಅನ್ನುವುದು ಅದರ ನಿಯಮ. ಇಲ್ಲಿ ಕನ್ನಡದವರು ಎಚ್ಚರ ವಹಿಸಬೇಕು. ಹಳೆಯ ನುಡಿ ಫಾಂಟ್‌ನ ಬರಹವನ್ನು ಪಿಡಿಎಫ್/ಎ ಮಾಡಿದರೆ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವೇ ಕಾಣುತ್ತದೆ. ಫೈಲ್ ಪಿಡಿಎಫ್/ಎ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡುವ ವೆರಾಪಿಡಿಎಫ್‌ನಂಥ ತಪಾಸಣೆ ತಂತ್ರಾಂಶವೂ ಪಾಸ್ ಮಾಡಬಹುದು. ಆದರೆ ಒಳಗೆ ಕೂತಿರುವುದು ರೋಮನ್ ಅಕ್ಷರಗಳೇ. 'ಶಾಸನ' ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಆದ್ದರಿಂದ ಮೊದಲು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವೊತ್ತು ಸರಿ ಬಂದಿವೆಯೇ ಅಂತ ಕೂತು ಓದಿ, ಆಮೇಲೆ ಪಿಡಿಎಫ್/ಎ ಮಾಡಿ.

ನಂತರ ಚೆಕ್‌ಸಮ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಗುರುತು. ಫೈಲನ್ನು ಎಸ್‌ಎಚ್‌ಎ-256 ಅನ್ನುವ ಗಣಿತ ಸೂತ್ರದ ಲೆಕ್ಕಕ್ಕೆ ಹಾಕಿದರೆ 64 ಅಕ್ಷರ, ಅಂಕಿಗಳ ಒಂದು ಸಾಲು ಬರುತ್ತದೆ. ಅದೇ ಫೈಲ್‌ನಲ್ಲಿ ಒಂದು ಅಲ್ಪವಿರಾಮ ಅಳಿಸಿ ಮತ್ತೆ ಲೆಕ್ಕ ಹಾಕಿ. ಸಾಲು ಪೂರ್ತಿ ಬೇರೆ! ಲ್ಯಾಬ್‌ನಲ್ಲಿ ಒಮ್ಮೆ ಮಾಡಿ ನೋಡಿ, ಮರೆಯುವುದಿಲ್ಲ. ಈ ಸಾಲನ್ನು ಬರೆದಿಟ್ಟುಕೊಂಡರೆ ಪ್ರತಿ ಹಾಳಾಗಿದೆಯೇ ಎಂದು ಮುಂದೆ ಯಾವಾಗ ಬೇಕಾದರೂ ತಿಳಿಯಬಹುದು. ಪ್ರತಿಗಳು ಕನಿಷ್ಠ ಮೂರು, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಊರಲ್ಲಿ. ಐಪ್ರೆಸ್‌ನ ಹಲವು ವರ್ಷಗಳ ಪ್ರಬಂಧ ಸಂಪುಟಗಳು ವಿಯೆನ್ನಾ ವಿಶ್ವವಿದ್ಯಾಲಯದ ಫೈಡ್ರಾ ಎಂಬ ಡಿಜಿಟಲ್ ಭಂಡಾರದಲ್ಲಿವೆ, ಅತಿಥೇಯರ ತಾತ್ಕಾಲಿಕ ಜಾಲತಾಣವನ್ನು ನಂಬಿ ಕೂತಿಲ್ಲ.

ವಿಭಾಗದ ಮಟ್ಟದಲ್ಲಿ ಒಂದು ದಿನದ ಕಾರ್ಯಕ್ರಮ ಮಾಡುವ ಆಸೆ ಇದ್ದರೆ ನವೆಂಬರ್‌ನ ಮೊದಲ ಗುರುವಾರ ಒಳ್ಳೆಯ ದಿನ. ಅದು ವಿಶ್ವ ಡಿಜಿಟಲ್ ಸಂರಕ್ಷಣಾ ದಿನ. ಮುಗಿದು ಆರು ತಿಂಗಳಾದ ಮೇಲಿನ ಒಂದು ದಿನವನ್ನೂ ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಆವತ್ತು ಸಮಿತಿಯಲ್ಲಿ ಇಲ್ಲದ ಒಬ್ಬ ವಿದ್ಯಾರ್ಥಿಯನ್ನು ಕರೆದು, ಯಾವ ಫಾಂಟೂ ಹಾಕಿರದ ಕಂಪ್ಯೂಟರ್ ಮುಂದೆ ಕೂರಿಸಿ, ಮೂರು ಕನ್ನಡ ಪ್ರಬಂಧ ಹುಡುಕಿ ತೆರೆಯಲು ಹೇಳಿ. ನೀವು ಪಕ್ಕದಲ್ಲಿ ಕೂತು ನೋಡಿ.