ಉಚಿತ ವೆಬಿನಾರ್‌ನಿಂದ ಸ್ನಾತಕೋತ್ತರ ಅರ್ಜಿಯವರೆಗೆ: ಮಂಡ್ಯದ ಲೆಕ್ಕದಲ್ಲಿ ಒಂದು ಅಧ್ಯಯನ ಟಿಪ್ಪಣಿ

ಪ್ರವೇಶಾತಿ ವಿಭಾಗದಲ್ಲಿ ಕೆಲಸ ಕಲಿಯುತ್ತಿರುವವರಿಗೆ, ಶೈಕ್ಷಣಿಕ ಆಡಳಿತ ಅಥವಾ ಮಾರ್ಕೆಟಿಂಗ್ ಓದುತ್ತಿರುವವರಿಗೆ ಈ ಟಿಪ್ಪಣಿ. ಕಾಲೇಜೊಂದು ಉಚಿತ ವೆಬಿನಾರ್ (ಆನ್‌ಲೈನ್ ಸಭೆ) ನಡೆಸಿ ವಿದ್ಯಾರ್ಥಿಗಳನ್ನು ಸ್ನಾತಕೋತ್ತರ ಅರ್ಜಿಯವರೆಗೆ ತರುವುದು ಹೇಗೆ ಎಂಬುದೇ ವಿಷಯ. ಲೆಕ್ಕ ಮುಂದುವರಿಯಲು ಮಂಡ್ಯದ ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ಎಂಬಿಎ, ಎಂಸಿಎ ಎರಡು ಕೋರ್ಸು, ತಲಾ 60 ಸೀಟು. ಬರಬೇಕಾದವರು ಮದ್ದೂರು, ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಪದವಿ ಕಾಲೇಜುಗಳ ಕೊನೆಯ ಸೆಮಿಸ್ಟರಿನವರು.

ಇಂಥವರು ಅರ್ಜಿ ಹಾಕದೆ ಉಳಿದರೆ, ಬಹುಮಟ್ಟಿಗೆ ಯಾವುದೋ ಒಂದೇ ಅನುಮಾನ ಕಾಲಿಗೆ ತೊಡರಿಕೊಂಡಿರುತ್ತದೆ. ಬಿಕಾಂ ಮಾಡಿದವರಿಗೆ ಎಂಸಿಎ ಸಿಗುತ್ತದಾ? ಹಾಸ್ಟೆಲ್ ಇದೆಯಾ? ಕಬ್ಬಿನ ಬಿಲ್ ಬಂದ ಮೇಲೆ ಎರಡನೇ ಕಂತು ಕಟ್ಟಬಹುದಾ? ವೆಬಿನಾರ್ ಅಂದರೆ ಆ ತೊಡಕು ಬಿಡಿಸಲು ಸಿಗುವ ಒಂದು ಗಂಟೆ. ಆಡಳಿತ ಮಂಡಳಿಯ ಇತಿಹಾಸ, ಕಟ್ಟಡದ ಡ್ರೋನ್ ವಿಡಿಯೊ, ಐದು ಜನರ ಸ್ವಾಗತ ಭಾಷಣ, ಇವೆಲ್ಲ ಆ ಗಂಟೆಯನ್ನು ತಿಂದುಹಾಕುವ ಬಾಬತ್ತುಗಳು. ಮುಂದಿನ ಪ್ರತಿಯೊಂದು ನಿರ್ಧಾರವನ್ನೂ ಈ ಒಂದು ಮಾತಿಗೆ ಒರೆ ಹಚ್ಚಿ ನೋಡಿ.

ದಿನ ಮತ್ತು ಗಂಟೆ

ಎಂಬಿಎ, ಎಂಸಿಎಯ ಸರ್ಕಾರಿ ಕೋಟಾ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಮೂಲಕ ಹಂಚಿಕೆಯಾಗುತ್ತದೆ. ಆದ್ದರಿಂದ ಮೊದಲ ವೆಬಿನಾರ್ ಪಿಜಿಸಿಇಟಿ ಅರ್ಜಿಯ ಕೊನೆಯ ದಿನಕ್ಕೆ ಕನಿಷ್ಠ ಮೂರು ವಾರ ಮೊದಲು ಆಗಬೇಕು. ಕೊನೆಯ ವಾರದಲ್ಲಿ ಮಾಡಿದರೆ ಮನಸ್ಸು ಮಾಡಿದವರಿಗೂ ಜಾತಿ, ಆದಾಯ ಪ್ರಮಾಣಪತ್ರ ತರಲು ನಾಡಕಚೇರಿಗೆ ಓಡಾಡುವಷ್ಟು ಸಮಯ ಇರುವುದಿಲ್ಲ. ಎಂಕಾಂ, ಎಂಎಸ್ಸಿಗೆ ಈ ದಾರಿ ಅನ್ವಯಿಸದು. ಅವಕ್ಕೆ ಮೈಸೂರು ವಿಶ್ವವಿದ್ಯಾನಿಲಯದಂಥ ಸಂಸ್ಥೆಗಳು ತಾವೇ ಅಧಿಸೂಚನೆ ಹೊರಡಿಸುತ್ತವೆ, ಆ ದಿನಾಂಕ ಹಿಡಿದು ಹಿಂದಕ್ಕೆ ಎಣಿಸಿ.

ಹಗಲು ಹೊತ್ತಿನಲ್ಲಿ ಮಾಡಬೇಡಿ. ತರಗತಿ ಇರುತ್ತದೆ, ಜೊತೆಗೆ ವಿದ್ಯುತ್ ಕಂಪನಿ ಚೆಸ್ಕಾಂನವರು ದುರಸ್ತಿಗೆಂದು ಕರೆಂಟ್ ತೆಗೆಯುವುದೂ ಹೆಚ್ಚಾಗಿ ಹಗಲಿನಲ್ಲೇ. ಸಂಜೆ ಆರಕ್ಕೆ ಇಟ್ಟರೆ ಅರ್ಧ ಜನ ಬಸ್ಸಿನಲ್ಲಿರುತ್ತಾರೆ. ರಾತ್ರಿ 8 ಗಂಟೆ ಸರಿಹೋಗುತ್ತದೆ, ಊಟದ ಮುಂಚೆ ಮನೆಯವರೂ ಪಕ್ಕದಲ್ಲಿ ಕೂರಬಹುದು. ಏಪ್ರಿಲ್, ಮೇ ತಿಂಗಳಾದರೆ ಒಂದು ಅಪವಾದ ಇದೆ. ಐಪಿಎಲ್ ಪಂದ್ಯ ಸಂಜೆ 7.30ಕ್ಕೆ ಶುರುವಾಗುತ್ತದೆ. ಬೆಂಗಳೂರು ತಂಡ ಆಡುವ ದಿನ ವೆಬಿನಾರ್ ಇಟ್ಟುಕೊಂಡು ಜನ ಬರಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಆ ಎರಡು ತಿಂಗಳು ಭಾನುವಾರ ಬೆಳಿಗ್ಗೆ 11 ಗಂಟೆ ಒಳ್ಳೆಯದು.

ಯಾವ ವೇದಿಕೆ

ಜೂಮ್‌ನ ಉಚಿತ ಖಾತೆಯಲ್ಲಿ 100 ಜನ, 40 ನಿಮಿಷ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ 100 ಜನ, ಗುಂಪು ಕರೆಗೆ 60 ನಿಮಿಷ. ಕಾಗದದ ಮೇಲೆ ಒಂದು ಗಂಟೆ ಸಾಕು ಅನಿಸುತ್ತದೆ. ಆದರೆ ಮಾತನಾಡುವವರು ಕಾಲು ಗಂಟೆ ಮುಂಚೆ ಅದೇ ಲಿಂಕಿನಲ್ಲಿ ಕೂತು ಮೈಕ್ ಪರೀಕ್ಷೆ ಮಾಡಿದರೆ ಆ ಕಾಲು ಗಂಟೆಯೂ ಲೆಕ್ಕಕ್ಕೆ ಸೇರುತ್ತದೆ, ಪ್ರಶ್ನೋತ್ತರದ ನಡುವೆ ಕರೆ ಕಡಿದುಹೋಗುತ್ತದೆ. ಪರೀಕ್ಷೆಗೆ ಬೇರೆ ಲಿಂಕ್ ಇಟ್ಟುಕೊಳ್ಳಿ.

ಯೂಟ್ಯೂಬ್ ಲೈವ್‌ಗೆ ಜನರ ಮಿತಿಯೂ ಇಲ್ಲ, ಸಮಯದ ಕಿರಿಕಿರಿಯೂ ಇಲ್ಲ. ಆದರೆ ಮೂರು ವಿಷಯ ನೆನಪಿರಲಿ. ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಸೌಲಭ್ಯ ತೆರೆಯಲು 24 ಗಂಟೆವರೆಗೆ ಹಿಡಿಯಬಹುದು, ಅವತ್ತೇ ಬೆಳಿಗ್ಗೆ ಒತ್ತಿದರೆ ಆಗುವುದಿಲ್ಲ. ನೀವು ಮಾತನಾಡಿದ್ದು ನೋಡುವವರಿಗೆ ಕೆಲವು ಸೆಕೆಂಡು ತಡವಾಗಿ ತಲುಪುತ್ತದೆ. "ಪ್ರಶ್ನೆ ಇದೆಯಾ?" ಎಂದು ಕೇಳಿ ಐದು ಸೆಕೆಂಡಿಗೇ "ಸರಿ, ಯಾರಿಗೂ ಇಲ್ಲ" ಎಂದು ಮುಗಿಸಿದರೆ ಪ್ರಶ್ನೆ ಟೈಪ್ ಮಾಡುತ್ತಿದ್ದವರೆಲ್ಲ ಅಲ್ಲೇ ಕೈಬಿಡುತ್ತಾರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಯಾರು ನೋಡಿದರು ಎಂಬ ಹೆಸರು ಯೂಟ್ಯೂಬ್ ಕೊಡುವುದಿಲ್ಲ. ಹಾಗಾಗಿ 40ನೇ ನಿಮಿಷದ ಹೊತ್ತಿಗೆ ಒಂದು ಸಣ್ಣ ಹಾಜರಿ ಫಾರ್ಮ್ ಹಾಕಿ, "ಇದನ್ನು ತುಂಬಿದವರಿಗೆ ಫೀಸಿನ ಪಟ್ಟಿ ಕಳಿಸುತ್ತೇವೆ" ಎನ್ನಿ.

ಕಾಲೇಜಿನಲ್ಲಿ ಹಣ ಕೊಟ್ಟು ಪಡೆದ ಜೂಮ್ ಇದ್ದರೆ ಅದರಲ್ಲೇ ಮಾಡಿ ಯೂಟ್ಯೂಬ್‌ಗೂ ಹರಿಸಬಹುದು. ಮೀಟಿಂಗ್ ಬಗೆಯಲ್ಲಿ ಮಾಡುವುದಾದರೆ ಬರುವಾಗಲೇ ಎಲ್ಲರ ಮೈಕ್ ಮ್ಯೂಟ್ ಆಗಿರಲಿ, ಸ್ಕ್ರೀನ್ ಹಂಚುವ ಹಕ್ಕು ಆತಿಥೇಯರಿಗೆ ಮಾತ್ರ ಇರಲಿ, ವೇಟಿಂಗ್ ರೂಮ್ ತೆಗೆದುಹಾಕಿ. ಅದು ಇದ್ದರೆ ತಡವಾಗಿ ಬಂದವರನ್ನು ಒಳಗೆ ಬಿಡುವುದೇ ಒಬ್ಬರ ಕೆಲಸವಾಗುತ್ತದೆ, ಆ ಒಬ್ಬರು ಮರೆತರೆ ಹತ್ತಾರು ಮಂದಿ ಬಾಗಿಲಲ್ಲೇ ನಿಂತು ಹೋಗುತ್ತಾರೆ.

ನೋಂದಣಿ ಫಾರ್ಮ್

ಕೆಲಸದ ಅರ್ಧ ಭಾಗ ಇಲ್ಲಿದೆ. ಆರು ಪ್ರಶ್ನೆ ಸಾಕು: ಹೆಸರು, ವಾಟ್ಸಾಪ್ ಸಂಖ್ಯೆ, ಓದುತ್ತಿರುವ ಪದವಿ, ಕಾಲೇಜಿರುವ ಊರು, ಆಸಕ್ತಿಯ ಕೋರ್ಸು, ಕೊನೆಗೆ "ನಿಮ್ಮನ್ನು ಕಾಡುತ್ತಿರುವ ಒಂದು ಪ್ರಶ್ನೆ". ಈ ಕೊನೆಯದನ್ನು ಕಡ್ಡಾಯ ಮಾಡಿ. ಆ ದಿನ ಹೇಳಬೇಕಾದದ್ದು ಏನು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಅಂಕಪಟ್ಟಿ ಅಪ್‌ಲೋಡ್ ಕೇಳಬೇಡಿ. ಗೂಗಲ್ ಫಾರ್ಮ್‌ನಲ್ಲಿ ಫೈಲ್ ಕೇಳಿದರೂ, "ಒಬ್ಬರಿಗೆ ಒಂದೇ ಉತ್ತರ" ಎಂದು ಆರಿಸಿದರೂ ಲಾಗಿನ್ ಕೇಳುತ್ತದೆ, ಪಾಸ್‌ವರ್ಡ್ ಮರೆತವರು ಅಲ್ಲಿಂದಲೇ ವಾಪಸ್.

ಎಲ್ಲಿಂದ ಬಂದರು ಎಂದು ತಿಳಿಯಲು ಮತ್ತೊಂದು ಪ್ರಶ್ನೆ ಸೇರಿಸಿ, ಅದನ್ನು ಅವರಿಂದ ತುಂಬಿಸಬೇಡಿ. ಫಾರ್ಮ್‌ನ ಮೂರು ಚುಕ್ಕಿಯ ಮೆನುವಿನಲ್ಲಿ ಪ್ರೀ-ಫಿಲ್ ಲಿಂಕ್ (ಉತ್ತರ ಮೊದಲೇ ತುಂಬಿರುವ ಲಿಂಕ್) ಪಡೆಯುವ ಆಯ್ಕೆ ಇದೆ. ಆ ಜಾಗದಲ್ಲಿ "ಮಳವಳ್ಳಿ" ಎಂದು ತುಂಬಿ ಬಂದ ಲಿಂಕನ್ನು ಮಳವಳ್ಳಿ ಕಾಲೇಜಿಗೆ, "ಮದ್ದೂರು" ಎಂದು ತುಂಬಿದ್ದನ್ನು ಮದ್ದೂರಿಗೆ ಕೊಡಿ. ಯಾವ ಊರಿನ ಪೋಸ್ಟರ್ ಕೆಲಸ ಮಾಡಿತು ಎಂಬುದು ಮುಂದಿನ ವರ್ಷಕ್ಕೆ ತಿಳಿಯುತ್ತದೆ.

ಫಾರ್ಮ್‌ನ ತಲೆಯಲ್ಲೇ "ಈ ಸಂಖ್ಯೆಯನ್ನು ಪ್ರವೇಶದ ಮಾಹಿತಿ ಕಳಿಸಲು ಮಾತ್ರ ಬಳಸುತ್ತೇವೆ, ಬೇಡವೆಂದರೆ ತೆಗೆದುಹಾಕುತ್ತೇವೆ" ಎಂದು ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ, ಉದ್ದೇಶ ತಿಳಿಸಿ ಒಪ್ಪಿಗೆ ಪಡೆಯುವುದು.

ಸುದ್ದಿ ಮುಟ್ಟಿಸುವುದು

ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಅದಕ್ಕಿಂತ ದೊಡ್ಡ ತೊಡಕು ಏನೆಂದರೆ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಕಳಿಸಿದವರಿಗೆ ಎಲ್ಲರಿಗೂ ಹೋದಂತೆಯೇ ಕಾಣುತ್ತದೆ. ನೋಂದಣಿಯ ಧನ್ಯವಾದ ಪುಟದಲ್ಲೇ "ಈ ಸಂಖ್ಯೆ ಉಳಿಸಿಕೊಳ್ಳಿ, ಲಿಂಕ್ ಇದರಿಂದಲೇ ಬರುತ್ತದೆ" ಎಂದು ಹಾಕಿ. ದೊಡ್ಡ ಗುಂಪು ಮಾಡಿದರೆ ಎಲ್ಲರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳು ಸದ್ದಿಲ್ಲದೆ ಹೊರಗೆ ಹೋಗುತ್ತಾರೆ. ವಾಟ್ಸಾಪ್ ಚಾನೆಲ್ ಆದರೆ ಈ ತೊಂದರೆ ಇಲ್ಲ. ಬಲ್ಕ್ ಎಸ್ಸೆಮ್ಮೆಸ್ ಬೇಕೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದ ಪ್ರಕಾರ ಹೆಡರ್ (ಕಳಿಸಿದವರ ಹೆಸರಾಗಿ ಕಾಣುವ ಗುರುತು), ಸಂದೇಶದ ಮಾದರಿ ಎರಡೂ ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿತವಾಗಿರಬೇಕು. ಅದನ್ನು ಕೊನೆ ಗಳಿಗೆಗೆ ಬಿಡಬೇಡಿ.

ನೆನಪಿನ ಸಂದೇಶ ಮೂರು ಸಲ: ಹಿಂದಿನ ದಿನ, ಒಂದು ಗಂಟೆ ಮುಂಚೆ, ಶುರುವಾದ ಕ್ಷಣ. ಮೂರನೆಯದನ್ನು ಬಹಳ ಜನ ಕೈಬಿಡುತ್ತಾರೆ, ಆದರೆ ಒತ್ತಿ ಒಳಗೆ ಬರುವುದು ಅದರಿಂದಲೇ ಹೆಚ್ಚು. ಮಾದರಿ ಹೀಗಿರಲಿ:

"ಎಂಸಿಎ ಸೇರಲು ಪಿಯುಸಿಯಲ್ಲಿ ಗಣಿತ ಇರಲೇಬೇಕಾ? ಫೀಸು ಎಷ್ಟು, ಸ್ಕಾಲರ್‌ಶಿಪ್ ಯಾವುದು? ಇವತ್ತು ರಾತ್ರಿ 8ಕ್ಕೆ ಒಂದು ಗಂಟೆಯಲ್ಲಿ ಉತ್ತರ. ಉಚಿತ. ಕನ್ನಡದಲ್ಲೇ ಕೇಳಿ. ಅಪ್ಪ ಅಮ್ಮನ ಜೊತೆ ಕೂತು ನೋಡಿ."

ಕಾಲೇಜಿನ ಹೆಸರು, ಲಿಂಕ್ ಅದರ ಕೆಳಗೆ. ಪ್ರಶ್ನೆ ಮೇಲಿದ್ದರೆ ಓದುತ್ತಾರೆ, ಲೋಗೊ ಮೇಲಿದ್ದರೆ ಬೆರಳು ಮುಂದಕ್ಕೆ ಸರಿಯುತ್ತದೆ.

ಧ್ವನಿ, ಕರೆಂಟ್, ಅಕ್ಷರ

ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಧ್ವನಿ ಒಡೆದರೆ ಎದ್ದು ಹೋಗುತ್ತಾರೆ. ಕಾಲರ್ ಮೈಕ್ ಕೊಳ್ಳುವಾಗ ಪಿನ್ ನೋಡಿ. ಕ್ಯಾಮೆರಾದ ಮೂರು ಭಾಗದ ಪಿನ್ ಫೋನಿನಲ್ಲಿ ಕೆಲಸ ಮಾಡದೆ, ಫೋನಿನ ಸ್ವಂತ ಮೈಕೇ ಸದ್ದಿಲ್ಲದೆ ರೆಕಾರ್ಡ್ ಮಾಡುತ್ತಿರುತ್ತದೆ. ಸೆಮಿನಾರ್ ಹಾಲ್ ಬೇಡ, ಗುಂಯ್‌ಗುಡುತ್ತದೆ. ಪುಸ್ತಕದ ಬೀರುಗಳಿರುವ ಸಣ್ಣ ಕೋಣೆ, ಫ್ಯಾನ್ ಆಫ್. ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಸೇರಿಕೊಂಡರೆ ಒಂದರ ಮೈಕ್, ಸ್ಪೀಕರ್ ಎರಡೂ ಪೂರ್ತಿ ಮುಚ್ಚಿರಬೇಕು, ಇಲ್ಲವಾದರೆ ಕೂಗು ಏಳುತ್ತದೆ.

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೌಟರ್‌ಗೆ ಇಲ್ಲ. 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿ. ಬೀದಿಯ ಫೈಬರ್ ಪೆಟ್ಟಿಗೆಗೂ ಕರೆಂಟ್ ಹೋಗಬಹುದಾದ್ದರಿಂದ ಬೇರೆ ಕಂಪನಿಯ ಸಿಮ್ ಇರುವ ಫೋನನ್ನು ಹಾಟ್‌ಸ್ಪಾಟಿಗೆ ಸಿದ್ಧವಿಡಿ. ವೇಗ ಪರೀಕ್ಷಿಸುವಾಗ ಅಪ್‌ಲೋಡ್ ಅಂಕಿ ನೋಡಬೇಕು, 5 ಎಂಬಿಪಿಎಸ್ ಸ್ಥಿರವಾಗಿದ್ದರೆ 720ಪಿ ಚಿತ್ರಕ್ಕೆ ಸಾಕು. ನೋಡುವವರ ಕಡೆಯ ಲೆಕ್ಕವೂ ಇದೆ: 1 ಎಂಬಿಪಿಎಸ್‌ನಂತೆ ಒಂದು ಗಂಟೆಗೆ 450 ಎಂಬಿ ಡೇಟಾ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ರಾತ್ರಿ 8ಕ್ಕೆ ಅಷ್ಟು ಉಳಿದಿರಬೇಕಲ್ಲ. "360ಪಿಗೆ ಇಳಿಸಿಕೊಳ್ಳಿ" ಎಂದು ಶುರುವಿನಲ್ಲೇ ಹೇಳಿ.

ಸ್ಲೈಡನ್ನು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಮಾಡಿದ್ದರೆ ಬೇರೆ ಲ್ಯಾಪ್‌ಟಾಪಿನಲ್ಲಿ ಕನ್ನಡವೆಲ್ಲ ಚಿತ್ರಲಿಪಿ. ಯೂನಿಕೋಡ್ ಬಳಸಿ, ಇಲ್ಲವೇ ಪಿಡಿಎಫ್ ಮಾಡಿಕೊಳ್ಳಿ. ಅಕ್ಷರ 28 ಪಾಯಿಂಟಿಗಿಂತ ಚಿಕ್ಕದು ಬೇಡ, ನೋಡುವುದು ಫೋನಿನಲ್ಲಿ.

ಆ ಒಂದು ಗಂಟೆ

ನಾಲ್ಕು ಜನ ಬೇಕು: ನಡೆಸಿಕೊಡುವವರು, ಕೋರ್ಸಿನ ಅಧ್ಯಾಪಕರು, ಚಾಟ್ ನೋಡುವವರು, ತಾಂತ್ರಿಕ ಕೆಲಸದವರು. ಐದನೆಯವರೊಬ್ಬರು ಮನೆಯಲ್ಲಿ ಮೊಬೈಲ್ ಡೇಟಾದಲ್ಲಿ ನೋಡುತ್ತಿರಲಿ, "ಸ್ಲೈಡ್ ಕಾಣ್ತಿಲ್ಲ" ಎಂದು ಹೇಳಲು.

ಮೊದಲ ಐದು ನಿಮಿಷ ಜನ ಸೇರಲು, ಆಗ ನೋಂದಣಿಯಲ್ಲಿ ಬಂದ ಪ್ರಶ್ನೆಗಳನ್ನು ಪರದೆಯ ಮೇಲೆ ಉರುಳಿಸಿ. 5ರಿಂದ 18ರವರೆಗೆ ಕೋರ್ಸು ಮತ್ತು ಅರ್ಹತೆ. ಎಂಸಿಎಗೆ ಪದವಿಯಲ್ಲಿ ಶೇ 50 (ಎಸ್‌ಸಿ, ಎಸ್‌ಟಿ, ಪ್ರವರ್ಗ-1ರವರಿಗೆ ಶೇ 45), ಬಿಸಿಎ ಅಲ್ಲದವರಿಗೆ ಗಣಿತದ ಬಗ್ಗೆ ಆ ವರ್ಷದ ನಿಯಮ, ಇಂಥವನ್ನು ಉದಾಹರಣೆ ಕೊಟ್ಟು ಹೇಳಿ. 18ರಿಂದ 28ರವರೆಗೆ ಹಣದ ಮಾತು. ಬೋಧನಾ ಶುಲ್ಕ ಮಾತ್ರ ತೋರಿಸಿ ಉಳಿದದ್ದನ್ನು ಮುಚ್ಚಿಟ್ಟರೆ ನಂಬಿಕೆ ಅಲ್ಲಿಗೇ ಮುಗಿಯಿತು, ಎರಡು ವರ್ಷದ ಒಟ್ಟು ಮೊತ್ತವನ್ನು ಒಂದೇ ಸ್ಲೈಡಿನಲ್ಲಿ ಇಡಿ. ರಾಜ್ಯ ವಿದ್ಯಾರ್ಥಿವೇತನದ ಆನ್‌ಲೈನ್ ಪೋರ್ಟಲ್ ಎಸ್‌ಎಸ್‌ಪಿಯ ಅರ್ಜಿಗೆ ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆಯಾಗಿರಬೇಕು ಎಂಬುದನ್ನು ಇಲ್ಲೇ ಹೇಳಿ. 28ರಿಂದ 33 ಈಗ ಓದುತ್ತಿರುವ ಒಬ್ಬ ವಿದ್ಯಾರ್ಥಿ, ಬರೆದುಕೊಟ್ಟದ್ದನ್ನು ಓದದವರು. ನಂತರ ಇಪ್ಪತ್ತು ನಿಮಿಷ ಪ್ರಶ್ನೋತ್ತರ, ಕೊನೆಯ ಐದು ನಿಮಿಷ ಸ್ಕ್ರೀನ್ ಮೇಲೆ ಅರ್ಜಿ ತುಂಬಿ ತೋರಿಸುವುದು.

ಅಧ್ಯಾಪಕರು ಇಂಗ್ಲಿಷ್‌ನಲ್ಲಿ ಶುರುಮಾಡಿದರೆ ಚಾಟ್ ತಣ್ಣಗಾಗುತ್ತದೆ. "ಹಾಸ್ಟೆಲ್ ಸಿಕ್ತದಾ ಸಾ?" ಎಂದು ಬರೆಯುವ ಧೈರ್ಯ ಬರುವುದು ಎದುರಿನವರು ಅದೇ ಭಾಷೆಯಲ್ಲಿ ಮಾತನಾಡಿದಾಗ. ಕೆಲಸದ ಪ್ರಶ್ನೆಗೆ ಅತಿ ಹೆಚ್ಚಿನ ಸಂಬಳದ ಅಂಕಿ ಹೇಳಬೇಡಿ. ಎಷ್ಟು ಜನ ಕ್ಯಾಂಪಸ್ ಸಂದರ್ಶನಕ್ಕೆ ಕೂತರು, ಎಷ್ಟು ಜನಕ್ಕೆ ಸಿಕ್ಕಿತು, ನಡುವಿನ (ಮೀಡಿಯನ್) ಸಂಬಳ ಎಷ್ಟು, ಈ ಮೂರು ಸಾಕು. ಗೊತ್ತಿಲ್ಲದ್ದಕ್ಕೆ "ನಾಳೆ ಸಂಜೆಯೊಳಗೆ ತಿಳಿಸುತ್ತೇವೆ" ಎಂದು ಬರೆದಿಟ್ಟುಕೊಳ್ಳಿ, ತಿಳಿಸಿ.

ಮರುದಿನ

ಉಚಿತ ಕಾರ್ಯಕ್ರಮಕ್ಕೆ ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಕಡಿಮೆ ಬರುತ್ತಾರೆಂದೇ ಲೆಕ್ಕ ಹಾಕಿ. ಅಭ್ಯಾಸಕ್ಕೆ ಅಂಕಿಗಳನ್ನು ಊಹಿಸಿಕೊಳ್ಳಿ: 180 ನೋಂದಣಿ, 70 ಹಾಜರಿ, 25 ಜನ ಅರ್ಜಿ ತೆರೆದರು, 12 ಜನ ಮುಗಿಸಿದರು. ನೋಂದಣಿ ಮತ್ತು ಹಾಜರಿಯ ನಡುವೆ ಕುಸಿದಿದ್ದರೆ ಸಮಯ ಅಥವಾ ನೆನಪಿನ ಸಂದೇಶದ ತಪ್ಪು. ಹಾಜರಿಯಿಂದ ಅರ್ಜಿಗೆ ಕುಸಿದಿದ್ದರೆ ಗಂಟೆಯ ಒಳಗೇ ಉತ್ತರ ಸಿಗಲಿಲ್ಲ ಎಂದರ್ಥ. ತೆರೆದು ನಿಲ್ಲಿಸಿದ 13 ಜನರಿಗೆ ದಾಖಲೆಯದೋ ಹಣದ್ದೋ ತೊಂದರೆ, ಅವರಿಗೆ 24 ಗಂಟೆಯೊಳಗೆ ಫೋನ್ ಮಾಡಿ, ಅವರು ಬರೆದ ಪ್ರಶ್ನೆಯಿಂದಲೇ ಮಾತು ಶುರುಮಾಡಿ. ಬಾರದ 110 ಜನರಿಗೆ ಪೂರ್ತಿ ರೆಕಾರ್ಡಿಂಗ್ ಕಳಿಸಿದರೆ ಯಾರೂ ನೋಡುವುದಿಲ್ಲ. ಫೀಸು, ಅರ್ಹತೆ, ಹಾಸ್ಟೆಲ್ ಎಂದು ಎರಡೆರಡು ನಿಮಿಷದ ತುಂಡು ಮಾಡಿ, ಅವರವರ ಪ್ರಶ್ನೆಗೆ ತಕ್ಕದ್ದನ್ನು ಮಾತ್ರ ಕಳಿಸಿ.

ಪಿಜಿಸಿಇಟಿ ಫಲಿತಾಂಶದ ನಂತರ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ಆರಿಸುವ ಹಂತ) ಶುರುವಾಗುವಾಗ ಅರ್ಧ ಗಂಟೆಯ ಎರಡನೇ ವೆಬಿನಾರ್ ಇಡಿ. ಇಷ್ಟಪಟ್ಟು ಅರ್ಜಿ ಹಾಕಿದವರೂ ಆಯ್ಕೆಯ ಪಟ್ಟಿಯಲ್ಲಿ ನಿಮ್ಮ ಕಾಲೇಜನ್ನು ಕೆಳಗಿಟ್ಟರೆ ಸೀಟು ಬೇರೆಡೆಗೆ ಹೋಗುತ್ತದೆ. ಆ ದಿನದ ಮೊದಲ ಸ್ಲೈಡಿನಿಂದ ಕೊನೆಯ ಸ್ಲೈಡಿನವರೆಗೆ ಮೂಲೆಯಲ್ಲಿ ಕೆಇಎ ಕೊಟ್ಟ ಕಾಲೇಜು ಕೋಡ್ ದಪ್ಪ ಅಕ್ಷರದಲ್ಲಿ ಇರಲಿ, ಒಂದೇ ಥರದ ಹೆಸರಿನ ಕಾಲೇಜುಗಳ ನಡುವೆ ತಪ್ಪಾಗಿ ಒತ್ತುವುದು ಅಲ್ಲೇ.